ಸ್ಟ್ಯಾಂಡ್ ಇರೋ ಸೈಕಲ್

ಸೈಕಲ್ ಫೋಟೊ ತೆಗೆಯೋದಕ್ಕೂ ಒಂದು ಶಾಸ್ತ್ರ ಇದೆ ಅಂತ ನನಗೆ ಗೊತ್ತಾಗಿದ್ದು ಮೈಸೂರಿಗೆ ಬಂದ ಮೇಲೆ. ಚೈನ್ ಇರೋ ಮಗ್ಗುಲೇ ಕ್ಯಾಮೆರಾಗೆ ಕಾಣಬೇಕು. ಚೈನು ಮುಂದೆ ದೊಡ್ಡ ಚೈನ್‌ವೀಲ್ ಮೇಲೆ, ಹಿಂದೆ ಸಣ್ಣ ಗೇರ್ ಮೇಲೆ ಕೂತಿರಬೇಕು. ಎರಡೂ ಚಕ್ರದ ವಾಲ್ವ್ ನೆಲದ ಕಡೆಗೆ, ಗಡಿಯಾರದಲ್ಲಿ ಆರು ಇರೋ ಜಾಗಕ್ಕೆ ಬಂದು ನಿಲ್ಲಬೇಕು. ಟೈರಿನ ಕಂಪನಿ ಹೆಸರು ಆ ವಾಲ್ವ್ ಹತ್ತಿರಾನೇ ಬರಬೇಕು. ನೀರಿನ ಬಾಟಲಿ, ಸೀಟಿನ ಕೆಳಗಿನ ಚೀಲ ಎಲ್ಲ ತೆಗೆದಿಡಬೇಕು. ಇಷ್ಟೆಲ್ಲ ಆದ ಮೇಲೆ ಸೈಕಲ್ ತನ್ನಷ್ಟಕ್ಕೆ ತಾನೇ ನಿಂತಿರೋ ಹಾಗೆ ಕಾಣಬೇಕು, ಆದ್ರೆ ಅದಕ್ಕೆ ಸ್ಟ್ಯಾಂಡ್ ಇರಕೂಡದು. ಒಬ್ಬರು ಹಿಡ್ಕೊಂಡಿದ್ದು, ಇನ್ನೊಬ್ಬರು ‘ಹ್ಞೂಂ’ ಅಂದ ತಕ್ಷಣ ಕೈಬಿಟ್ಟು ಪಕ್ಕಕ್ಕೆ ಹಾರಬೇಕು. ಸೈಕಲ್ ಬೀಳೋದರೊಳಗೆ ಫೋಟೊ ಆಗಿರಬೇಕು, ಬೀಳೋದರೊಳಗೆ ವಾಪಸ್ ಬಂದು ಹಿಡೀಲೂ ಬೇಕು.

ಹಿನ್ನೆಲೆಗೂ ಒಂದು ಪಟ್ಟಿ ಇದೆ. ಚಾಮುಂಡಿ ಬೆಟ್ಟದ ನಂದಿ, ಲಲಿತಮಹಲಿನ ಬಿಳಿ ಗುಮ್ಮಟ, ಕೆಆರ್‌ಎಸ್ ಹಿನ್ನೀರು, ಕರಿಘಟ್ಟದ ಮೇಲಿಂದ ಕಾಣೋ ಗದ್ದೆಬಯಲು. ದೊಡ್ಡದೇವರಾಜ ಒಡೆಯರು ನಂದಿ ಕೆತ್ತಿಸಿದಾಗ ಮುಂದೊಂದು ದಿನ ಅದರ ಮೂತಿ ಕೆಳಗೆ ವಾರವಾರ ಇಷ್ಟು ಕಾರ್ಬನ್ ಫೈಬರ್ ಸೈಕಲ್ ನಿಲ್ಲುತ್ತೆ ಅಂತ ಅಂದ್ಕೊಂಡಿರಲಾರರು.

ನಾನು ಪಾಂಡವಪುರದ ಕಡೆಯವಳು. ಕುವೆಂಪುನಗರದಲ್ಲಿ ಇರ್ತೀನಿ, ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಬೆಳಗ್ಗೆ ಖಾಲಿ ಹೊಟ್ಟೇಲಿ ರಕ್ತ ಕೊಡೋಕೆ ಬರೋರು ಬಾಗಿಲ ಮುಂದೆ ನಿಂತಿರೋ ಹೊತ್ತಿಗೆ ನಾನು ಸೈಕಲಲ್ಲಿ ಅಲ್ಲಿರಬೇಕು. ವಾರದಲ್ಲಿ ಆರು ದಿನ ಸೈಕಲ್ ನನಗೆ ವಾಹನ, ಭಾನುವಾರ ಮಾತ್ರ ಷೋಕಿ. ಭಾನುವಾರ ಬೆಟ್ಟ ಹತ್ತಿ ಇಳಿದು, ಬುಡದಲ್ಲಿರೋ ಟೀ ಅಂಗಡಿ ಮುಂದೆ ಎಲ್ಲರೂ ಸೇರ್ತೀವಿ. ಸವಾರಿ ಒಂದು ಗಂಟೆ ಆದ್ರೆ ಸೈಕಲ್ ತೋರಿಸೋದು, ನೋಡೋದು, ಎತ್ತಿ ಇಳಿಸೋದು ಎರಡು ಗಂಟೆ. ಈ ಬರಹ ಆ ಎರಡು ಗಂಟೆ ಬಗ್ಗೆ.

ನಮ್ಮ ಗುಂಪಲ್ಲಿ ಒಬ್ಬರು ಹಲ್ಲಿನ ಡಾಕ್ಟ್ರು ಇದ್ದಾರೆ. ಅವರ ಹತ್ತಿರ ಇರೋದು ಮ್ಯಾಟ್ ಕಪ್ಪಿನ ಕಾರ್ಬನ್ ಸೈಕಲ್. ಗೇರ್ ಬದಲಾಗೋದು ಬ್ಯಾಟರಿಯಿಂದ. ಗುಂಡಿ ಮುಟ್ಟಿದರೆ ‘ಝಿಕ್’ ಅಂತ ಸಣ್ಣ ಸದ್ದು, ಅಷ್ಟೆ. ಯಾರಾದ್ರೂ ಹೊಸಬರು ಬಂದ್ರೆ ಡಾಕ್ಟ್ರು ಮೊದಲು ಹೇಳೋ ಮಾತು, ‘ಎತ್ತಿ ನೋಡಿ’. ಎರಡು ಬೆರಳಲ್ಲಿ ಎತ್ತಬಹುದು. ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿ ಅವರ ಕಾರಲ್ಲೇ ಇರುತ್ತೆ, ಅನುಮಾನ ಇದ್ದವರಿಗೆ ತೂಗೇ ತೋರಿಸ್ತಾರೆ. 7.8 ಕೆಜಿ. ಯುಸಿಐ, ಅಂದ್ರೆ ಸೈಕಲ್ ರೇಸುಗಳ ಅಂತರರಾಷ್ಟ್ರೀಯ ಒಕ್ಕೂಟ, ರೇಸಿನ ಸೈಕಲ್ 6.8 ಕೆಜಿಗಿಂತ ಹಗುರ ಇರಬಾರದು ಅಂತ 2000ದಲ್ಲಿ ನಿಯಮ ಮಾಡಿದೆ. ಆ ಉಳಿದ ಒಂದು ಕೆಜಿ ನಮ್ಮ ಡಾಕ್ಟ್ರ ನಿದ್ದೆ ಕೆಡಿಸಿದೆ. ಚಕ್ರ ಬದಲಿಸಿದರೆ ಇಷ್ಟು ಗ್ರಾಮ್, ಸೀಟಿನ ಕೊಳವೆ ಬದಲಿಸಿದರೆ ಅಷ್ಟು ಗ್ರಾಮ್ ಅಂತ ಲೆಕ್ಕ ಹಾಕ್ತಾನೇ ಇರ್ತಾರೆ.

ಒಂದು ದಿನ ನಾನೂ ಲೆಕ್ಕ ಹಾಕಿದೆ. ಬೆಟ್ಟದ ಏರು ಸುಮಾರು 300 ಮೀಟರ್. ನಿಧಾನಕ್ಕೆ ಹತ್ತೋವಾಗ ಗಾಳಿಯ ತಡೆ ಕಮ್ಮಿ, ಹೆಚ್ಚಿನ ಶಕ್ತಿ ಹೋಗೋದು ಭಾರ ಮೇಲೆತ್ತೋದಕ್ಕೇ. ಸವಾರ, ಸೈಕಲ್ ಸೇರಿ 80 ಕೆಜಿ ಅಂದ್ಕೊಂಡರೆ ಒಂದು ಕೆಜಿ ಅಂದ್ರೆ ಎಂಬತ್ತರಲ್ಲಿ ಒಂದು ಪಾಲು. ಅರ್ಧ ಗಂಟೆ ಹತ್ತೋರಿಗೆ ಇದರಿಂದ ಉಳಿಯೋದು ಇಪ್ಪತ್ತು ಚಿಲ್ಲರೆ ಸೆಕೆಂಡು. ಇದನ್ನ ಹೇಳಿದಾಗ ಡಾಕ್ಟ್ರು ತಮ್ಮ ತಟ್ಟೆಯಲ್ಲಿದ್ದ ಎರಡನೇ ಬೆಣ್ಣೆ ದೋಸೆ ನೋಡಿದರು, ನನ್ನ ಮುಖ ನೋಡಿದರು, ದೋಸೆ ಮುಗಿಸಿದರು.

ಅವರ ಸೈಕಲಿಗೆ ಬೆಲ್ ಇಲ್ಲ. ಅದರ ಬದಲು ಹಿಂದಿನ ಚಕ್ರದ ಹಬ್, ಅಂದ್ರೆ ಕಡ್ಡಿಗಳೆಲ್ಲ ಸೇರೋ ನಡುವಿನ ಗುಂಬ ಇದೆ. ತುಳಿಯೋದು ನಿಲ್ಲಿಸಿದರೆ ಸಾಕು, ಜೀರುಂಡೆ ಗುಂಪೇ ಬಂತೇನೋ ಅನ್ನೋ ಹಾಗೆ ಕಿರ್ರ್ ಅಂತ ಸದ್ದು. ದುಬಾರಿ ಹಬ್ ಅಂದ್ರೆ ಸದ್ದು ಜೋರು. ಮುಂದೆ ಯಾರಾದ್ರೂ ವಾಕಿಂಗ್ ಹೋಗ್ತಿದ್ರೆ ಡಾಕ್ಟ್ರು ತುಳಿಯೋದು ಬಿಟ್ಟು ಆ ಸದ್ದು ಕೇಳಿಸ್ತಾರೆ. ಅವರು ತಿರುಗಿ ಆಕಾಶ ನೋಡ್ತಾರೆ.

ಇನ್ನೊಬ್ಬರು ಬ್ಯಾಂಕ್ ಅಂಕಲ್. ನಿವೃತ್ತರು. ಬೆಟ್ಟ ಹತ್ತಲ್ಲ, ನೇರ ಟೀ ಅಂಗಡಿಗೆ ಬರ್ತಾರೆ, ಅದರ ಬಗ್ಗೆ ಅವರಿಗೇನೂ ಸಂಕೋಚ ಇಲ್ಲ. ಅವರದ್ದು ಇಂಗ್ಲೆಂಡಿನ ರ‍್ಯಾಲಿ. ಹಸಿರು ಬಣ್ಣ, ಪೂರ್ತಿ ಮುಚ್ಚಿದ ಚೈನ್ ಕವರ್, ತಂತಿ ಬದಲು ಸರಳಿನ ಬ್ರೇಕು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಬೀಳೋ ಕಡೆ ಹೆಚ್ಚು ಕಡ್ಡಿ ಅನ್ನೋ ಇಂಗ್ಲಿಷರ ಆ ಹಳೇ ಲೆಕ್ಕ ನಮ್ಮ ಹರ್ಕ್ಯುಲಿಸ್, ಅಟ್ಲಾಸ್‌ಗಳಿಗೂ ಬಂತು. ಚೈನ್‌ವೀಲ್ ಒಳಗೆ ಕೊಕ್ಕರೆಯ ತಲೆಗಳಿರೋದು ರ‍್ಯಾಲಿಯ ಗುರುತು, ಆದ್ರೆ ಅದು ಕವರ್ ಒಳಗೆ ಮುಚ್ಚಿಹೋಗಿದೆ. ಅದನ್ನ ತೋರಿಸೋಕೆ ಅಂತಲೇ ಅಂಕಲ್ ಜೇಬಲ್ಲಿ ಸ್ಕ್ರೂಡ್ರೈವರ್ ಇಟ್ಕೊಂಡು ಬರ್ತಾರೆ.

ಅವರ ನಿಜವಾದ ಹೆಮ್ಮೆ ಹಿಂದಿನ ಹಬ್. ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರು, ಮೂರೂ ಹಬ್ ಒಳಗೇ, ಹೊರಗೆ ಏನೂ ಕಾಣಲ್ಲ. ನಡುವಿನ ಗೇರು ನೇರ. ಕೆಳಗಿನದು ಕಾಲು ಭಾಗ ಹಗುರ, ಮೇಲಿನದು ಮೂರನೇ ಒಂದು ಭಾಗ ಬಿಗಿ. ಹಬ್ ಮೈಮೇಲೆ ತಯಾರಾದ ವರ್ಷ, ತಿಂಗಳು ಒತ್ತಿರ್ತಾರೆ. ಅಂಕಲ್ ಬಟ್ಟೇಲಿ ಒರೆಸಿ, ಕನ್ನಡಕ ಏರಿಸಿ, ‘ಓದಮ್ಮ’ ಅಂದ್ರು. 62, ಪಕ್ಕದಲ್ಲಿ 8. ಅಂದ್ರೆ 1962ರ ಆಗಸ್ಟ್. ‘ನನಗಿಂತ ಆರು ವರ್ಷಕ್ಕೆ ಚಿಕ್ಕದು, ನನಗಿಂತ ಚೆನ್ನಾಗಿ ಓಡುತ್ತೆ’ ಅಂದ್ರು. ಹಬ್‌ಗೆ ಎಣ್ಣೆ ಬಿಡೋಕೆ ಪುಟ್ಟ ಮುಚ್ಚಳ ಇದೆ. ಅಷ್ಟು ವರ್ಷದಿಂದ ಅದು ಕೇಳಿರೋದು ಆ ಎಣ್ಣೆಯೊಂದನ್ನೇ. ಸೀಟು ಬ್ರೂಕ್ಸ್ ಚರ್ಮದ್ದು, ಅದಕ್ಕೆ ಮಾತ್ರ ಯಾರೂ ಎಣ್ಣೆ ಹಚ್ಚೋ ಹಾಗಿಲ್ಲ. ಒಬ್ಬ ಕಾಲೇಜು ಹುಡುಗ ‘ಕೊಬ್ಬರಿ ಎಣ್ಣೆ ಹಾಕಿ ಅಂಕಲ್, ಮೆತ್ತಗಾಗುತ್ತೆ’ ಅಂದಿದ್ದಕ್ಕೆ, ‘ಮೆತ್ತಗಾದ್ರೆ ಜೋತುಬೀಳುತ್ತೆ ಕಣಯ್ಯ, ಅದೇನು ತಲೆಯಾ?’ ಅಂತ ಸರಿಯಾಗಿ ಬೈದರು.

ಆ ಕಾಲೇಜು ಹುಡುಗರದ್ದು ನಾಲ್ಕಿಂಚು ಅಗಲದ ಟೈರಿನ ಸೈಕಲ್‌ಗಳು. ಬಣ್ಣ ಚೆನ್ನಾಗಿದೆ. ಅಷ್ಟೆ.

ಇದೆಲ್ಲ ನೋಡ್ತಾ ನನಗೆ ನೆನಪಾಗೋದು ನಮ್ಮೂರ ಹೈಸ್ಕೂಲು. ಕರ್ನಾಟಕ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ. ಅದಾದ ಸ್ವಲ್ಪ ದಿನಕ್ಕೆ ನಾನು ಎಂಟನೇ ಕ್ಲಾಸಿಗೆ ಬಂದೆ. ಹೊಂಗೆ ಮರದ ಕೆಳಗೆ ಸಾಲಾಗಿ ನಿಂತ ಸೈಕಲ್‌ಗಳು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಅದೇ ಬಣ್ಣ, ಅದೇ ಬುಟ್ಟಿ, ಅದೇ ಸೀಟು. ಷೋಕಿ ಮಾಡೋಕೆ ಏನಿದೆ ಅಲ್ಲಿ ಅಂತೀರಾ? ಒಂದೇ ವಾರ ಸಾಕಾಯ್ತು. ಯಾರೋ ಒಬ್ಬಳು ಚೈನ್ ಕವರ್ ಮೇಲೆ ಕೆಂಪು ನೈಲ್ ಪಾಲಿಶ್‌ನಲ್ಲಿ ಹೆಸರು ಬರೆದಳು. ಮಾರನೇ ದಿನ ಇನ್ನೊಬ್ಬಳು ಕಡ್ಡಿಗಳಿಗೆ ಬಣ್ಣದ ಪ್ಲಾಸ್ಟಿಕ್ ಮಣಿ ಹಾಕಿಸಿಕೊಂಡು ಬಂದಳು. ನಿಧಾನಕ್ಕೆ ಹೋದ್ರೆ ಮಣಿ ಟಣಟಣ ಅಂತ ಜಾರೋದು, ಜೋರಾಗಿ ಹೋದ್ರೆ ರಿಮ್ಮಿಗೆ ಅಂಟಿಕೊಂಡು ಸುಮ್ಮನಾಗೋದು. ಅದಕ್ಕೇ ಅವಳು ಶಾಲೆ ಗೇಟ್ ಹತ್ತಿರ ಬೇಕಂತಲೇ ನಿಧಾನ ಮಾಡ್ತಿದ್ದಳು. ಹಬ್‌ಗೆ ಸುತ್ತೋ ಬಣ್ಣದ ಬ್ರಷ್ಷು, ಹ್ಯಾಂಡಲ್ ತುದಿಗೆ ಜರಿ ಕುಚ್ಚು, ಅಮ್ಮನ ಹಳೇ ಸೀರೆ ಅಂಚಿಂದ ಹೊಲಿದ ಸೀಟ್ ಕವರ್. ನಾನು ಹಿಂದಿನ ಮಡ್‌ಗಾರ್ಡಿಗೆ ರೇಡಿಯಂ ಸ್ಟಿಕ್ಕರಲ್ಲಿ ಒಂದು ನವಿಲು ಅಂಟಿಸಿದ್ದೆ. ಜಾತ್ರೇಲಿ ಕೊಂಡಿದ್ದು. ಡಾಕ್ಟ್ರ ಕೊಕ್ಕೆ ತಕ್ಕಡಿಗೂ ಆ ನವಿಲಿಗೂ ನನಗೇನೂ ದೊಡ್ಡ ವ್ಯತ್ಯಾಸ ಕಾಣಲ್ಲ.

2017ರಲ್ಲಿ ಮೈಸೂರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಬಂದಾಗಲೂ ಅಷ್ಟೆ, ಒಂದೇ ಥರದ 450 ಸೈಕಲ್. ನಾನೂ ಓಡಿಸಿದ್ದೀನಿ, ಕೆಲಸಕ್ಕೆ ಬಂತು. ಆದ್ರೆ ಅದರ ವಾಲ್ವ್ ಕೆಳಗೆ ತಂದು ಯಾರೂ ಫೋಟೊ ತೆಗೆದಿದ್ದು ಕಾಣೆ. ಸಂಜೆ ವಾಪಸ್ ಕೊಡೋ ಸೈಕಲಿಗೆ ಯಾರು ತಾನೆ ನವಿಲು ಅಂಟಿಸ್ತಾರೆ?

ಈಗ ನನ್ನ ಸೈಕಲ್. ತೊಂಬತ್ತರ ದಶಕದ ಹಳೇ ಮೌಂಟನ್ ಬೈಕ್, ಕ್ರೋಮೊಲಿ ಉಕ್ಕಿನ ಫ್ರೇಮು. ವಿದೇಶಕ್ಕೆ ಹೊರಟಿದ್ದ ಬೆಂಗಳೂರಿನ ಒಬ್ಬರು ಮಾರಿದ್ದು. ಮುಂದೆ 42, 32, 22 ಹಲ್ಲಿನ ಮೂರು ಚೈನ್‌ವೀಲು, ಹಿಂದೆ ಏಳು ಗೇರು, ದೊಡ್ಡದಕ್ಕೆ 28 ಹಲ್ಲು. ಮುಂದೆ 22, ಹಿಂದೆ 28 ಹಾಕಿದರೆ ಪೆಡಲ್ ಒಂದು ಸುತ್ತು ತಿರುಗಿಸಿದರೂ ಚಕ್ರ ಪೂರ್ತಿ ಒಂದು ಸುತ್ತು ಬರಲ್ಲ. ಬೆಟ್ಟದಲ್ಲಿ ಎಲ್ಲರೂ ನನ್ನ ದಾಟಿ ಹೋಗ್ತಾರೆ, ಆದ್ರೆ ನಾನು ಇಳಿದು ತಳ್ಳಲ್ಲ. ಗೇರ್ ಬದಲಿಸೋದು ಹ್ಯಾಂಡಲ್ ಮೇಲಿನ ಹೆಬ್ಬೆರಳಿನ ಕಡ್ಡಿಯಿಂದ. ಟೈರು ಗುಂಡಿ ಗುಬಟು ಇಲ್ಲದ ನುಣುಪಿಂದು.

ಕೊಂಡ ವಾರದಲ್ಲೇ ಅದಕ್ಕೆ ನಾಲ್ಕು ಸಾಮಾನು ಹಾಕಿಸಿದೆ. ಮಡ್‌ಗಾರ್ಡು, ಕ್ಯಾರಿಯರು, ಬೆಲ್ಲು, ಸ್ಟ್ಯಾಂಡು. ನಮ್ಮ ಗುಂಪಲ್ಲಿ ದೊಡ್ಡ ಗಲಾಟೆ ಆಗಿದ್ದು ಈ ಕೊನೇದಕ್ಕೆ. ಮಡ್‌ಗಾರ್ಡನ್ನ ಕ್ಷಮಿಸಿದರು, ಮಳೆಗಾಲ ಇದೆಯಲ್ಲ. ಕ್ಯಾರಿಯರ್ ಹಾಕಿದ್ದಕ್ಕೆ ‘ಟೂರಿಂಗಾ?’ ಅಂತ ಗೌರವದಿಂದಲೇ ಕೇಳಿದರು. ‘ಅಲ್ಲ, ದೇವರಾಜ ಮಾರ್ಕೆಟ್ಟಿಂದ ಬದನೆಕಾಯಿ ತರೋಕೆ’ ಅಂದೆ. ಸ್ಟ್ಯಾಂಡ್ ಕಂಡಾಗ ಮಾತ್ರ ಡಾಕ್ಟ್ರು ಮುಖ ಹಿಂಡಿದರು. ಮುನ್ನೂರು ಗ್ರಾಮ್ ದಂಡದ ಭಾರ, ಫ್ರೇಮಿಗೆ ಒತ್ತು ಬೀಳುತ್ತೆ, ನೋಡೋಕೂ ಒಂಥರಾ ಅಂತ ದೂರು.

ಕಾರ್ಬನ್ ಫ್ರೇಮಿಗೆ ಆ ಮಾತು ಸರಿ. ಅದರ ಕೊಳವೆಗೆ ಸ್ಟ್ಯಾಂಡಿನ ಕ್ಲಾಂಪ್ ಬಿಗಿದರೆ ಬಿರುಕು ಬಿಡಬಹುದು. ನನ್ನದು ಉಕ್ಕು. ಇನ್ನು ಚಂದದ ಮಾತು. ಸ್ಟ್ಯಾಂಡ್ ಇಲ್ಲದ ಸೈಕಲ್ ಹೋದಲ್ಲೆಲ್ಲ ಗೋಡೆ ಹುಡುಕುತ್ತೆ. ನಮ್ಮ ಲ್ಯಾಬ್ ಮುಂದೆ ಒರಗಿಸೋಕೆ ಗೋಡೆ ಇಲ್ಲ, ಗಾಜಿದೆ. ಮಾರ್ಕೆಟ್ ಮುಂದೆ ಗೋಡೆ ಇದೆ, ಅದಕ್ಕೆ ಒರಗಿಕೊಂಡು ಹೂವಿನವರು ಕೂತಿರ್ತಾರೆ. ಸೈಕಲ್ ಅಂಗಡಿಗಳಲ್ಲಿ ಬೆಲೆ ಏರಿದ ಹಾಗೆಲ್ಲ ಮೊದಲು ಸ್ಟ್ಯಾಂಡ್ ಹೋಗುತ್ತೆ, ಆಮೇಲೆ ಕ್ಯಾರಿಯರ್, ಮಡ್‌ಗಾರ್ಡ್, ಕೊನೆಗೆ ಬೆಲ್ಲು, ಇನ್ನೂ ಏರಿದರೆ ಪೆಡಲ್ ಕೂಡ. ಡಾಕ್ಟ್ರ ಸೈಕಲ್ ಬಂದಾಗ ಪೆಡಲ್ಲೇ ಇರಲಿಲ್ಲ, ಬೇರೆ ದುಡ್ಡು ಕೊಟ್ಟು ತಗೊಂಡರು. ನನಗೆ ತೋರಿಸಬೇಕು ಅನ್ನಿಸೋದು ಈ ತೆಗೆದುಹಾಕೋ ಸಾಮಾನುಗಳನ್ನೇ. ಸೈಕಲ್ ಏನು ಕೆಲಸ ಮಾಡುತ್ತೆ ಅಂತ ಗೊತ್ತಾಗೋದು ಅವುಗಳಿಂದ. ‘ಎತ್ತಿ ನೋಡಿ’ ಅನ್ನೋರು ಅನ್ನಲಿ, ನಾನು ‘ಹೊರಿಸಿ ನೋಡಿ’ ಅಂತೀನಿ.

ಹೋದ ಬೇಸಿಗೇಲಿ ಮೇಲುಕೋಟೆ ಕಡೆ ಹೊರಟಿದ್ದೆವು. ಪಾಂಡವಪುರ ದಾಟಿದ ಮೇಲೆ ಡಾಕ್ಟ್ರ ಹಿಂದಿನ ಟೈರಿಗೆ ಜಾಲಿ ಮುಳ್ಳು. ಜೊತೆಗಿದ್ದ ಟ್ಯೂಬ್ ಹಾಕಿದರು. ಸ್ವಲ್ಪ ದೂರ ಹೋಗೋದರೊಳಗೆ ಅದಕ್ಕೂ ಮುಳ್ಳು. ತಳ್ಳಿಕೊಂಡು ಒಂದು ಹಳ್ಳಿ ಪಂಚರ್ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗ ಟೈರ್ ನೋಡಿ ‘ಇಪ್ಪತ್ತೆಂಟಲ್ವ, ಅದೆ’ ಅಂತ ಒಳಗಿಂದ ಹೊಸ ಟ್ಯೂಬ್ ತಂದ. ತಪ್ಪು ಅವನದ್ದಲ್ಲ, ಇಪ್ಪತ್ತೆಂಟಿಂಚು ಅಂತ ಎರಡು ಥರ ಇವೆ. ನಮ್ಮೂರುಗಳ ದೊಡ್ಡ ಕಪ್ಪು ಸೈಕಲಿನ ರಿಮ್ಮು, ಟೈರ್ ಕೂರೋ ಜಾಗದಲ್ಲಿ 635 ಮಿಲಿಮೀಟರ್. ರೇಸ್ ಸೈಕಲಿಂದು 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಆ ಟೈರು ಇದಕ್ಕಾಗಲ್ಲ. ಟ್ಯೂಬನ್ನ ಹೆಂಗಾದ್ರೂ ತುರುಕಬಹುದು ಅಂದ್ರೆ ಅದರ ದಪ್ಪ ವಾಲ್ವ್ ಡಾಕ್ಟ್ರ ರಿಮ್ಮಿನ ಸಣ್ಣ ತೂತಲ್ಲಿ ಇಳಿಯಲ್ಲ.

ಹುಡುಗ ಜಾಣ. ಹಳೇ ಟ್ಯೂಬನ್ನೇ ನೀರಲ್ಲಿ ಅದ್ದಿ, ತೂತು ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿದ. ಗಾಳಿ ಹಿಡಿಯೋಕೆ ಹೋದ್ರೆ ಅವನ ಹತ್ತಿರ ಇದ್ದದ್ದು ಬೈಕಿಗೆ ಹಿಡಿಯೋ ಕಂಪ್ರೆಸರ್ ಮಾತ್ರ, ಅದರ ಮೂತಿ ಆ ಸಣ್ಣ ವಾಲ್ವ್‌ಗೆ ಕೂರಲ್ಲ. ಡಾಕ್ಟ್ರ ಪುಟ್ಟ ಪಂಪು ಮೊದಲ ಪಂಚರಿನ ಹೊತ್ತಿಗೇ ಉಸಿರು ಬಿಟ್ಟಿತ್ತು. ನನ್ನ ಕೀ ಗೊಂಚಲಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಇದೆ, ಯಾರ ಸೈಕಲಿಗಾದರೂ ಬೇಕಾಗುತ್ತೆ ಅಂತ ಇಟ್ಕೊಂಡಿರೋದು. ವಾಲ್ವ್ ತುದಿಯ ಸಣ್ಣ ನಟ್ಟನ್ನ ಮೊದಲು ಸಡಿಲಿಸಿ, ಮೇಲೆ ಇದನ್ನ ತಿರುಗಿಸಿ ಕೂರಿಸಿದರೆ ಬೈಕಿನ ಗಾಳೀನೇ ಹಿಡಿಸಬಹುದು. ಮಾಡಿದ್ದಾಯ್ತು. ಪ್ಯಾಚಿಗೆ ಇಪ್ಪತ್ತು ರೂಪಾಯಿ.

ಅಷ್ಟರಲ್ಲಿ ಒಬ್ಬ ಯಜಮಾನರು ಬಂದು ತಮ್ಮ ಸೈಕಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಡಬಲ್ ಬಾರ್‌ನ ಅಟ್ಲಾಸ್, ಕ್ಯಾರಿಯರ್ ಮೇಲೆ ಒಂದು ಹೊರೆ ಹಸಿರು ಹುಲ್ಲು. ಅಟ್ಲಾಸ್ ಕಂಪನಿಯವರು ಕೊನೇ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನವೇ. ಆ ಸುದ್ದಿ ಈ ಸೈಕಲಿಗೆ ಮುಟ್ಟಿದ ಹಾಗಿರಲಿಲ್ಲ. ಯಜಮಾನರು ಗೋಡೆಗೆ ಒರಗಿದ್ದ ಕಾರ್ಬನ್ ಸೈಕಲನ್ನ ಹೇಮಗಿರಿ ಜಾತ್ರೇಲಿ ಹಳ್ಳಿಕಾರ್ ಹೋರಿ ನೋಡೋ ಹಾಗೆ ಮೂರು ಸುತ್ತು ಬಂದು ನೋಡಿದರು. ಬೆನ್ನು ತಟ್ಟಿದರು, ಅದು ‘ಟೊಕ್’ ಅಂತು. ಹಿಂದೆ ಬಗ್ಗಿ ಗೇರ್ ನೋಡಿದರು.

‘ಎಷ್ಟ್ ಹಲ್ಲಿಂದು ಸ್ವಾಮಿ?’

ಡಾಕ್ಟ್ರಿಗೆ ಎಲ್ಲಿಲ್ಲದ ಖುಷಿ. ಇಷ್ಟು ಸರಿಯಾದ ಪ್ರಶ್ನೆ ಅವರಿಗೆ ಮೈಸೂರಲ್ಲೇ ಯಾರೂ ಕೇಳಿರಲಿಲ್ಲ. ‘ಮುಂದೆ ಐವತ್ತೆರಡು, ಮೂವತ್ತಾರು. ಹಿಂದೆ ಹನ್ನೊಂದರಿಂದ ಮೂವತ್ನಾಲ್ಕು’ ಅಂದ್ರು.

‘ಬಾಯ್ಗೂಡಿ ಬಾಳ ದಿಸ ಆಗದೆ ಬುಡಿ’ ಅಂದ್ರು ಯಜಮಾನರು, ಹಲ್ಲೆಲ್ಲ ಬಂದು ಬಲಿತ ಹೋರಿ ಲೆಕ್ಕದಲ್ಲಿ. ‘ಎಷ್ಟಾಯ್ತು?’

ಡಾಕ್ಟ್ರು ಬೆಲೆ ಹೇಳಿದರು. ಹೆಂಡತಿಗೆ ಹೇಳಿರೋ ಬೆಲೆ ಅದು, ನಿಜವಾದದ್ದರ ಅರ್ಧಕ್ಕಿಂತ ಕಮ್ಮಿ. ಆದ್ರೂ ಯಜಮಾನರು, ‘ಒಂದ್ ಜೊತೆ ಎತ್ತೇ ಬತ್ತಿತ್ತಲ್ಲ! ಒಂದ್ ಸ್ಟ್ಯಾಂಡಾದ್ರೂ ಹಾಕ್ಕೊಡಬ್ಯಾಡ್ವಾ ಅವರು’ ಅಂದ್ರು. ನಾನು ತುಟಿ ಬಿಗಿ ಹಿಡ್ಕೊಂಡು ನನ್ನ ಬಾಟಲಿಗೆ ನೀರು ತುಂಬಿಸೋಕೆ ಹೋದೆ. ವಾಪಸ್ ಬರೋ ಹೊತ್ತಿಗೆ ಯಜಮಾನರು ಅದನ್ನ ಒಂದೇ ಕೈಯಲ್ಲಿ ಎತ್ತಿ ಹಿಡ್ಕೊಂಡಿದ್ದರು. ಡಾಕ್ಟ್ರು ತಮ್ಮ ಕೈಲಾದಷ್ಟು ಅಟ್ಲಾಸನ್ನ ಎತ್ತೋಕೆ ನೋಡ್ತಿದ್ದರು, ಹುಲ್ಲಿನ ಹೊರೆ ಸಮೇತ. ಹಿಂದಿನ ಚಕ್ರ ನೆಲ ಬಿಡಲಿಲ್ಲ.

ನಿಜವಾಗಿ ಸೈಕಲ್ ತೋರಿಸೋ ಹಬ್ಬ ಅಂದ್ರೆ ನಮ್ಮಲ್ಲಿ ಆಯುಧ ಪೂಜೆ. ಮೈಸೂರಲ್ಲಿ ಅವತ್ತು ಜಟಕಾ ಗಾಡಿಯಿಂದ ಹಿಡಿದು ಬಸ್ಸಿನವರೆಗೂ ಚೆಂಡುಹೂವು, ಬಾಳೆಕಂದು. ನಮ್ಮ ಗುಂಪಿನವರು ಅಂಕಲ್ ಮನೆ ಅಂಗಳದಲ್ಲಿ ಎಲ್ಲ ಸೈಕಲ್ ಸೇರಿಸಿ ಪೂಜೆ ಮಾಡ್ತೀವಿ. ಹಿಂದಿನ ದಿನ ಚೈನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯೋದು, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಹಬ್ ಸಂದಿ ತಿಕ್ಕೋದು, ರಿಮ್ಮಿನ ಬೆಂಡ್ ತೆಗೆಯೋದು. ಸಾಲಾಗಿ ನಿಲ್ಲಿಸೋವಾಗ ರ‍್ಯಾಲಿ ಮತ್ತು ನನ್ನದು ಅಂಗಳದ ನಡುವೆ, ಉಳಿದವು ಕಾಂಪೌಂಡ್ ಗೋಡೆ ಪಕ್ಕ. ಅರಿಶಿನ ಕುಂಕುಮ ಇಡೋದು ಡಾಕ್ಟ್ರಿಗೆ ಪ್ರತಿ ವರ್ಷದ ಸಂಕಟ. ಮ್ಯಾಟ್ ಬಣ್ಣದೊಳಗೆ ಕುಂಕುಮ ಇಳಿದರೆ ಬಿಡಲ್ಲ. ದೇವರಿಗೂ ಬೇಜಾರಾಗಬಾರದು ಅಂತ ಹ್ಯಾಂಡಲ್ ಕೆಳಗೆ ಒಂದು ಚೂರು ಸೆಲ್ಲೋ ಟೇಪ್ ಅಂಟಿಸಿ ಅದರ ಮೇಲೆ ಇಡ್ತಾರೆ. ಆಂಟಿಗೆ ಇದು ಸರಿಬರಲ್ಲ. ‘ಪೂಜೆ ಸೈಕಲಿಗೋ ಟೇಪಿಗೋ?’ ಅಂತಾರೆ. ನಿಂಬೆಹಣ್ಣು ಮಾತ್ರ ಎಲ್ಲರಿಗೂ ಒಂದೇ ಥರ, ಮುಂದಿನ ಚಕ್ರದ ಕೆಳಗೆ ಒಂದು, ಹಿಂದಿನದಕ್ಕೆ ಒಂದು. 25 ಮಿಲಿಮೀಟರ್ ಟೈರಿನ ಕೆಳಗೆ ಅದು ಚಪ್ಪಟೆಯಾಗೋ ಬದಲು ಎರಡು ಹೋಳಾಗುತ್ತೆ.

ಈಗ ನನ್ನ ತಲೇಲಿ ಓಡ್ತಿರೋದು ಡೈನಮೊ ವಿಷಯ. ಬೆಳಗ್ಗೆ ಬೇಗ ಹೊರಡೋದರಿಂದ ಚಳಿಗಾಲದಲ್ಲಿ ಲೈಟ್ ಬೇಕೇ ಬೇಕು, ಚಾರ್ಜ್ ಮಾಡೋ ಲೈಟು ನನಗೆ ಮರೆತುಹೋಗುತ್ತೆ. ಅಂಕಲ್ ಹತ್ತಿರ ಟೈರಿಗೆ ಉಜ್ಜೋ ಹಳೇ ಬಾಟಲಿ ಡೈನಮೊ ಇದೆ, ಪುಕ್ಕಟೆ ಕೊಡ್ತೀನಿ ಅಂತಾರೆ. ಆದ್ರೆ ಅದು ತುಳಿಯೋರ ಜೀವ ಹಿಂಡುತ್ತೆ, ಮಳೇಲಿ ಜಾರುತ್ತೆ. ಮುಂದಿನ ಹಬ್ ಒಳಗೇ ಇರೋ ಡೈನಮೊ ಒಳ್ಳೇದು. 6 ವೋಲ್ಟ್, 3 ವಾಟ್, ಎಳೆತ ಗೊತ್ತೇ ಆಗಲ್ಲ. ಅದು ಹಾಕಬೇಕಂದ್ರೆ ಚಕ್ರ ಹೊಸದಾಗಿ ಕಟ್ಟಿಸಬೇಕು. ಡಾಕ್ಟ್ರು ಯಾರ ಹತ್ತಿರವೋ ಅಂಥ ಹಬ್ ಹುಡುಕಿ ಕೊಟ್ಟಿದ್ದಾರೆ. ಕಡ್ಡಿ ಸಿಗುತ್ತೆ, ಕಟ್ಟೋರೂ ಇದ್ದಾರೆ. 26 ಇಂಚಿನ, ಅಂದ್ರೆ 559 ಮಿಲಿಮೀಟರಿನ, 36 ತೂತಿನ ಒಳ್ಳೇ ರಿಮ್ಮು ನಿಮ್ಮ ಅಟ್ಟದಲ್ಲಿ ಇದ್ದರೆ ಹೇಳಿ. 32ರದ್ದು ಬೇಡ.